ಕಂಪನಿ ನ್ಯಾವಿಗೇಷನ್: ಕೂರಿಸುವುದು ಅರ್ಧ ದಿನ, ಕಾರಿಗೆ ಒಪ್ಪಿಸುವುದು ಇನ್ನರ್ಧ ದಿನ

ಏಪ್ರಿಲ್ ತಿಂಗಳ ಮಧ್ಯಾಹ್ನ ಬಳ್ಳಾರಿಯಿಂದ ಸಂಡೂರಿನ ಕಡೆಗೆ ಹೊರಟವರಿಗೆ ಮೊಬೈಲ್ ಎರಡು ಬಗೆಯಲ್ಲಿ ಕೈಕೊಡುತ್ತದೆ. ಮುಂಗಾಜಿನ ಹಿಂದೆ ಸ್ಟ್ಯಾಂಡಿನಲ್ಲಿ ಕೂತ ಫೋನು ಬಿಸಿಲಿಗೆ ಕಾದು ತಾನಾಗಿಯೇ ಮಂಕಾಗುತ್ತದೆ. ಬೆಟ್ಟಗಳ ನಡುವೆ ಸಿಗ್ನಲ್ ಹೋದರೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರದವರ ಪರದೆಯಲ್ಲಿ ನೀಲಿ ಚುಕ್ಕೆಯೊಂದು ಉಳಿದು ರಸ್ತೆಗಳು ಮಾಯವಾಗುತ್ತವೆ. ಕಾರು ತಯಾರಾಗುವಾಗಲೇ ಅಳವಡಿಸಿದ, ನಮ್ಮ ಮೆಕ್ಯಾನಿಕ್‌ಗಳು ‘ಕಂಪನಿ ಫಿಟ್ಟಿಂಗ್’ ಎನ್ನುವ ನ್ಯಾವಿಗೇಷನ್‌ಗೆ ಈ ಎರಡೂ ತೊಂದರೆಗಳಿಲ್ಲ. ಅದರ ನಕ್ಷೆ ಅದರ ಸ್ವಂತ ಮೆಮೊರಿಯಲ್ಲಿರುತ್ತದೆ. ಆಕಾಶ ಮರೆಯಾದಾಗಲೂ ಚಕ್ರ ಎಷ್ಟು ಉರುಳಿತು, ಕಾರು ಯಾವ ಕಡೆ ತಿರುಗಿತು ಎಂಬ ಲೆಕ್ಕವನ್ನು ಅದು ಕಾರಿನಿಂದಲೇ ಪಡೆದು ಸ್ವಲ್ಪ ದೂರ ದಾರಿ ತೋರಿಸಬಲ್ಲದು. ಆದ್ದರಿಂದಲೇ ಕಡಿಮೆ ಬೆಲೆಯ ಮಾದರಿಯ ಎಸ್‌ಯುವಿಯನ್ನು ಸೆಕೆಂಡ್‌ಹ್ಯಾಂಡ್ ಕೊಂಡವರಲ್ಲಿ ಕೆಲವರು, ಅದೇ ಕಾರಿನ ದುಬಾರಿ ಮಾದರಿಯ ನ್ಯಾವಿಗೇಷನ್ ಸೆಟ್ಟನ್ನು ತಂದು ಹಾಕಿಸಿಕೊಳ್ಳಲು ಬಯಸುತ್ತಾರೆ.

ಆದರೆ ಇದು ಹಳೆಯ ಸ್ಟೀರಿಯೊ ತೆಗೆದು ಹೊಸದನ್ನು ತುರುಕುವಷ್ಟು ಸರಳವಾದ ಕೆಲಸವಲ್ಲ. ಇಂದಿನ ಕಾರಿನಲ್ಲಿ ಎಂಜಿನ್, ಬ್ರೇಕ್, ಎಸಿ, ಮೀಟರ್, ಪರದೆ ಎಲ್ಲಕ್ಕೂ ಪ್ರತ್ಯೇಕ ಪುಟ್ಟ ಕಂಪ್ಯೂಟರ್‌ಗಳಿದ್ದು, ಅವೆಲ್ಲವೂ ಕ್ಯಾನ್ ಎಂಬ ಜಾಲದ ಎರಡು ತಂತಿಗಳ ಮೇಲೆ ಪರಸ್ಪರ ಮಾತನಾಡಿಕೊಳ್ಳುತ್ತಿರುತ್ತವೆ. ಹೊರಗಿನಿಂದ ತಂದ ಸೆಟ್ಟು ಈ ಕೂಡುಕುಟುಂಬಕ್ಕೆ ಬಂದ ಹೊಸ ಸೊಸೆಯಂತೆ; ಮನೆಯಲ್ಲಿ ಯಾರು ಯಾರಿದ್ದಾರೆ, ತನ್ನ ಕೆಲಸವೇನು ಎಂಬುದನ್ನು ಅದಕ್ಕೆ ಯಾರಾದರೂ ಹೇಳಿಕೊಡಬೇಕು. ಪ್ರೋಗ್ರಾಮಿಂಗ್ ಎಂದರೆ ಅಷ್ಟೇ. ಸ್ಕ್ರೂಡ್ರೈವರ್ ಹಿಡಿಯುವ ಹೊತ್ತು ಬರುವುದು ಈ ಕೆಲಸದ ನಡುವೆ, ಮೊದಲಲ್ಲ.

ಉದಾಹರಣೆಗೆ ಫೋರ್ಡ್ ಎಂಡೆವರ್ ಕಾರನ್ನೂ ಹಾಡು, ಫೋನು, ನಕ್ಷೆಗಳನ್ನು ಪರದೆಯಲ್ಲಿ ನಡೆಸುವ ಅದರ ಸಿಂಕ್ 3 ವ್ಯವಸ್ಥೆಯನ್ನೂ ತೆಗೆದುಕೊಳ್ಳೋಣ. ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಪ್ರಕಟಿಸಿದರೂ ಎಂಡೆವರ್‌ಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಬೇರೆ ಕಂಪನಿಗಳ ಕಾರುಗಳಲ್ಲಿ ಹೆಸರು, ಸಂಖ್ಯೆ ಬದಲಾಗುತ್ತವೆಯೇ ಹೊರತು ಕೆಲಸದ ಕ್ರಮ ಹೆಚ್ಚೇನೂ ಬದಲಾಗುವುದಿಲ್ಲ.

ಹಣ ಕೊಡುವ ಮುನ್ನ

ಸಿಂಕ್ 3ರ ಮಿದುಳು ಎಪಿಐಎಂ ಎಂಬ ಪೆಟ್ಟಿಗೆ. ಅದು 8 ಅಂಗುಲದ ಪರದೆಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಹೊರನೋಟಕ್ಕೆ ಎಲ್ಲವೂ ಒಂದೇ ತರ ಕಂಡರೂ ಒಳಗಿನ ಮೆಮೊರಿ ಬೇರೆ ಬೇರೆ. ನ್ಯಾವಿಗೇಷನ್ ಇಲ್ಲದ ಪೆಟ್ಟಿಗೆಗಳಲ್ಲಿ 16 ಜಿಬಿ ಅಥವಾ ಅದಕ್ಕಿಂತ ಕಡಿಮೆ ಜಾಗವಿದ್ದರೆ, ನ್ಯಾವಿಗೇಷನ್ ಇರುವವುಗಳಲ್ಲಿ 32 ಅಥವಾ 64 ಜಿಬಿ ಇರುತ್ತದೆ. ಮೆಮೊರಿ ಸಾಲದ ಪೆಟ್ಟಿಗೆಗೆ ಸ್ಕ್ಯಾನರ್ ಹಚ್ಚಿ ನ್ಯಾವಿಗೇಷನ್ ಗುಂಡಿಯನ್ನು ಕಾಣಿಸುವಂತೆ ಮಾಡಬಹುದು, ಆದರೆ ಗುಂಡಿ ಒತ್ತಿದರೆ ನಕ್ಷೆಯಿರುವುದಿಲ್ಲ. ಆದ್ದರಿಂದ ಪಾರ್ಟ್ ನಂಬರ್ ಕೇಳಿ ಬರೆದುಕೊಳ್ಳಿ; ಸಾಧ್ಯವಾದರೆ, ಮಾರುವವರು ಅದಕ್ಕೆ ವಿದ್ಯುತ್ ಕೊಟ್ಟು ಭಾರತದ ನಕ್ಷೆಯನ್ನು ತೆರೆದು ತೋರಿಸಿದ ಮೇಲೆಯೇ ಹಣ ಕೊಡಿ. ವಿದೇಶದಿಂದ ಬಂದ ಅಗ್ಗದ ಸೆಟ್ಟಿನಲ್ಲಿ ಅಮೆರಿಕದ ಊರುಗಳೆಲ್ಲ ಇದ್ದು ನಮ್ಮ ಸಿಂಧನೂರು ಇಲ್ಲದಿದ್ದರೆ ಅದು ಬರಿಯ ಗಡಿಯಾರ. ನಂಬರ್ ನಮೂದಾದ ರಸೀದಿಯನ್ನೂ ಪಡೆಯಿರಿ. ಕದ್ದ ಕಾರಿನಿಂದ ಬಿಚ್ಚಿದ ಮಾಲು ಕೂಡ ಇದೇ ಮಾರುಕಟ್ಟೆಯಲ್ಲಿ ತಿರುಗುತ್ತದೆ.

ಫೋಕ್ಸ್‌ವ್ಯಾಗನ್ ಗುಂಪಿಗೆ ಸೇರಿದ ಸ್ಕೋಡಾ, ಔಡಿ ಕಾರುಗಳಿದ್ದವರು ಇನ್ನೊಂದು ಮಾತನ್ನು ತಿಳಿದಿರಬೇಕು. ಅವುಗಳ ಅನೇಕ ಮಾದರಿಗಳಲ್ಲಿ ‘ಕಾಂಪೊನೆಂಟ್ ಪ್ರೊಟೆಕ್ಷನ್’ ಎಂಬ ಬೀಗವಿದ್ದು, ಒಂದು ಕಾರಿನ ಸೆಟ್ಟನ್ನು ಮತ್ತೊಂದಕ್ಕೆ ಹಾಕಿದರೆ ಅದು ಕೆಲಸ ಮಾಡಲು ನಿರಾಕರಿಸುತ್ತದೆ. ಕಂಪನಿಯ ಸರ್ವರ್‌ಗೆ ಸಂಪರ್ಕವಿರುವ ಅಧಿಕೃತ ಸರ್ವೀಸ್ ಕೇಂದ್ರದಲ್ಲಿಯೇ ಆ ಬೀಗ ತೆಗೆಸಬೇಕಾಗುತ್ತದೆ. ಅವರು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳದೆ ಇಂಥ ಸೆಟ್ಟು ಕೊಳ್ಳುವುದು ಜೂಜು.

ಮೊದಲು ನಕಲು, ಆಮೇಲೆ ಉಳಿದದ್ದು

ಸ್ಟೀರಿಂಗಿನ ಕೆಳಗೆ ದೋಷ ಪರೀಕ್ಷೆಗೆಂದೇ ಇರುವ 16 ಪಿನ್ನುಗಳ ಒಬಿಡಿ ಕಪ್ಲರ್‌ಗೆ ಒಂದು ಅಡಾಪ್ಟರ್ ಸಿಕ್ಕಿಸಿ, ಲ್ಯಾಪ್‌ಟಾಪ್‌ನಲ್ಲಿ ಫೋರ್ಡ್ ಕಾರಿನ ಕಂಪ್ಯೂಟರ್‌ಗಳನ್ನು ಓದಿ ತಿದ್ದಬಲ್ಲ ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶವನ್ನು ತೆರೆಯಿರಿ. ಫೋರ್ಡಿನ ಅನೇಕ ಕಾರುಗಳಲ್ಲಿ ಎರಡು ಕ್ಯಾನ್ ಜಾಲಗಳಿರುತ್ತವೆ. ಸೆಕೆಂಡಿಗೆ 500 ಕಿಲೋಬಿಟ್ ವೇಗದ ಜಾಲವು 6 ಮತ್ತು 14ನೆಯ ಪಿನ್ನುಗಳಲ್ಲಿಯೂ, 125 ಕಿಲೋಬಿಟ್ ವೇಗದ ಜಾಲವು 3 ಮತ್ತು 11ನೆಯ ಪಿನ್ನುಗಳಲ್ಲಿಯೂ ಸಿಗುತ್ತದೆ. ಎರಡನ್ನೂ ಓದಬಲ್ಲ, ಯುಎಸ್‌ಬಿ ತಂತಿಯ ಅಡಾಪ್ಟರ್ ಬೇಕು. ಅಗ್ಗದ ಬ್ಲೂಟೂತ್ ಅಡಾಪ್ಟರ್ ದೋಷ ಓದಲು ಸಾಕು. ಬರೆಯುವ, ಅಂದರೆ ಪೆಟ್ಟಿಗೆಯೊಳಗಿನ ಅಂಕೆಗಳನ್ನು ಬದಲಿಸುವ ಕೆಲಸಕ್ಕೆ ಅದನ್ನು ನಂಬಬಾರದು, ಏಕೆಂದರೆ ಬರೆಯುವ ನಡುವೆ ಸಂಪರ್ಕ ಕಡಿದರೆ ಪೆಟ್ಟಿಗೆ ಅರ್ಧಂಬರ್ಧ ಸ್ಥಿತಿಯಲ್ಲಿ ನಿಂತುಬಿಡಬಹುದು.

ಈಗ ಕಾರಿನಲ್ಲಿರುವ ಹಳೆಯ ಎಪಿಐಎಂನ ‘ಆಸ್ ಬಿಲ್ಟ್’, ಅಂದರೆ ತಯಾರಿಕೆಯ ಹೊತ್ತಿನ ದಾಖಲೆಯನ್ನು ತೆರೆಯಿರಿ. ಫೋರ್ಡಿನಲ್ಲಿ ಈ ಪೆಟ್ಟಿಗೆಯ ವಿಳಾಸ 7ಡಿ0. ಆ ವಿಳಾಸದ ಅಡಿಯಲ್ಲಿ ಅಂಕೆ, ಅಕ್ಷರ ಬೆರೆತ ಸಾಲುಗಳು ಕಾಣುತ್ತವೆ. ಈ ಕಾರಿನಲ್ಲಿ ಹಿಂಬದಿ ಕ್ಯಾಮೆರಾ ಇದೆಯೇ, ಎಸಿಯನ್ನು ಪರದೆಯಿಂದ ನಡೆಸಬಹುದೇ, ನ್ಯಾವಿಗೇಷನ್ ಇದೆಯೇ ಎಂಬ ಉತ್ತರಗಳೆಲ್ಲ ಆ ಅಂಕೆಗಳಲ್ಲಿಯೇ ಅಡಗಿವೆ. ಅವನ್ನು ಕಡತವಾಗಿ ಉಳಿಸಿ, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಟ್ಟು, ಪರದೆಯ ಫೋಟೊ ಕೂಡ ತೆಗೆದುಕೊಳ್ಳಿ. ಮೂರು ಪ್ರತಿ ಏಕೆಂದು ಕೇಳುವವರಿಗಾಗಿ ಒಂದು ಸಂಗತಿ. ಕೊಪ್ಪಳದಲ್ಲಿ ನನ್ನ ಸ್ನೇಹಿತರೊಬ್ಬರ ಕಾರಿಗೆ ಇದೇ ಕೆಲಸ ಮಾಡಿಕೊಟ್ಟ ಒಬ್ಬರು ಹಳೆಯ ಸಾಲುಗಳನ್ನು ಉಳಿಸದೆ, ಬೇರೆ ಮಾದರಿಯ ಕಾರಿನ ಇಡೀ ಕಡತವನ್ನೇ ಎತ್ತಿ ಸುರಿದಿದ್ದರು. ನಕ್ಷೆ ಬಂತು, ಹಿಂಬದಿ ಕ್ಯಾಮೆರಾ ಹೋಯಿತು. ಅದೇ ಮಾದರಿಯ ಮತ್ತೊಂದು ಕಾರು ಸಿಕ್ಕಿ, ಸಾಲು ಸಾಲಾಗಿ ಹೋಲಿಸಿ ತಿದ್ದುವವರೆಗೆ ನನ್ನ ಸ್ನೇಹಿತರು ಕುತ್ತಿಗೆ ತಿರುಗಿಸಿಯೇ ಹಿಂದಕ್ಕೆ ಹೋಗಬೇಕಾಯಿತು.

ಬಿಚ್ಚುವುದು

ಬೇಸಿಗೆಯಲ್ಲಿ ಈ ಕೆಲಸಕ್ಕೆ ಬೆಳಗಿನ ಏಳು ಗಂಟೆ ಒಳ್ಳೆಯದು, ಕಾರು ನೆರಳಿನಲ್ಲಿರಬೇಕು. ರಾಯಚೂರು, ಬಳ್ಳಾರಿಗಳ ಬಿಸಿಲಿನಲ್ಲಿ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಣಗಿದ ಹಪ್ಪಳದಂತಾಗಿರುತ್ತವೆ; ಅವಸರ ಮಾಡಿದರೆ ಪಟ್ಟನೆ ಮುರಿಯುತ್ತವೆ. ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ನೈಲಾನ್ ಪಟ್ಟಿಯಿಂದ ಮೀಟಿ. ನಾಲ್ಕಾರು ಕ್ಲಿಪ್ಪುಗಳನ್ನು ಹೆಚ್ಚುವರಿಯಾಗಿ ತಂದಿಟ್ಟುಕೊಂಡಿರಿ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಾಡಿದ ಕಾರಿನ ಸಂದಿಗಳಲ್ಲಿ ಕೆಂಧೂಳು ತುಂಬಿರುತ್ತದೆ. ಬಿಚ್ಚುವ ಮೊದಲೇ ಅದನ್ನು ಬ್ರಷ್‌ನಿಂದ ತೆಗೆದರೆ ಕಪ್ಲರ್‌ಗಳ ಒಳಗೆ ಹೋಗುವುದಿಲ್ಲ.

ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆದು, ಹತ್ತು ನಿಮಿಷ ಕಾಯಿರಿ. ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಉಳಿದಿರುವ ವಿದ್ಯುತ್ ಇಳಿಯಬೇಕು. ಆಮೇಲೆ ಪರದೆಯ ಸುತ್ತಲಿನ ಅಲಂಕಾರ ಪಟ್ಟಿಯನ್ನು ಎಳೆದು, ಅದರ ಹಿಂದಿನ ಸ್ಕ್ರೂಗಳನ್ನು ಬಿಚ್ಚಿ. ಫೋರ್ಡ್ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಹೆಚ್ಚಾಗಿ 7 ಮಿ.ಮೀ. ತಲೆಯ ಸ್ಕ್ರೂಗಳಿರುತ್ತವೆ. ಪರದೆಯನ್ನು ಮುಂದಕ್ಕೆಳೆದಾಗ ಹಿಂದೆ ನೇತಾಡುವ ಕಪ್ಲರ್‌ಗಳನ್ನು ಕೀಳುವ ಮುನ್ನ ಒಂದು ಫೋಟೊ ತೆಗೆಯಿರಿ. ತಂತಿ ಹಿಡಿದು ಎಳೆಯದೆ ಕಪ್ಲರಿನ ನಾಲಗೆಯನ್ನು ಒತ್ತಿ ಬಿಡಿಸಿ. ಏರ್‌ಬ್ಯಾಗಿಗೆ ಸಂಬಂಧಿಸಿದ ಹಳದಿ ಕಪ್ಲರ್ ಕಂಡರೆ ಅದರ ತಂಟೆಗೆ ಹೋಗಬೇಡಿ.

ಆಂಟೆನಾ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಇಳಿದು ಬರುವ ಸಂಕೇತ ನಮ್ಮನ್ನು ತಲುಪುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಪ್ಲಾಸ್ಟಿಕ್, ಗಾಜು, ಬಟ್ಟೆಗಳನ್ನು ಅದು ದಾಟಬಲ್ಲದು, ಲೋಹವನ್ನು ದಾಟಲಾರದು. ಆದ್ದರಿಂದ ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಮೇಲಿನ ಪ್ಲಾಸ್ಟಿಕ್ಕಿಗೆ ಒಳಗಿನಿಂದ ತಾಗುವಂತೆ, ಮುಖ ಆಕಾಶಕ್ಕಿರುವಂತೆ, ಮೇಲೆ ಲೋಹದ ಪಟ್ಟಿ ಅಡ್ಡ ಬಾರದಂತೆ ಸಮತಟ್ಟಾಗಿ ಅಂಟಿಸಬೇಕು. ಎಸಿ ಕೊಳವೆಯ ಕೆಳಗೆಲ್ಲೋ ತುರುಕಿದರೆ ಹಾಕಿದ ದಿನ ಚೆನ್ನಾಗಿಯೇ ನಡೆದು, ಮಳೆಮೋಡ ಕವಿದ ದಿನ ಎಲ್ಲರೂ ಮೋಡವನ್ನು ದೂರುತ್ತಾರೆ. ಮೋಡದಿಂದ ಅಂಥ ಅಡ್ಡಿಯೇನೂ ಇಲ್ಲ. ಅಡ್ಡಿ ಕೊಳವೆಯ ಬಳಿಯ ಕಬ್ಬಿಣದ್ದು. ಬಿಸಿಲು ತಡೆಯಲೆಂದು ಮುಂಗಾಜಿಗೆ ಲೋಹದ ಲೇಪವಿರುವ ಫಿಲ್ಮ್ ಅಂಟಿಸಿದ್ದರೂ ಇದೇ ತೊಂದರೆಯಾಗುತ್ತದೆ.

ಆಂಟೆನಾ ತಂತಿಯ ತುದಿಯಲ್ಲಿ ಫಕ್ರಾ ಎಂಬ ಬಗೆಯ ಕಪ್ಲರ್ ಇರುತ್ತದೆ, ಜಿಪಿಎಸ್‌ಗೆ ನಿಗದಿಯಾದ ಬಣ್ಣ ನೀಲಿ. ಬಣ್ಣ ಬೇರೆಯಾದರೆ ಅಂಚಿನ ಕಚ್ಚುಗಳೂ ಬೇರೆಯಾಗಿದ್ದು ಕೂರುವುದಿಲ್ಲ. ಬ್ಲೇಡಿನಿಂದ ಕೆರೆದು ಕೂರಿಸುವ ಸಾಹಸ ಬೇಡ. ತಂತಿ ಉದ್ದವಾದರೆ ಕತ್ತರಿಸಬೇಡಿ, ಚೂಪಾಗಿ ಮಡಿಚಲೂ ಬೇಡಿ. ದೊಡ್ಡ ಸುರುಳಿಯಾಗಿ ಸುತ್ತಿ, ಗಡಗಡ ಸದ್ದು ಬಾರದಂತೆ ಬಟ್ಟೆಯ ಟೇಪಿನಿಂದ ಕಟ್ಟಿಡಿ. ಸಿಂಕ್ 2 ಇದ್ದ ಹಳೆಯ ಕಾರಿಗೆ ಸಿಂಕ್ 3 ಹಾಕುವವರು ಯುಎಸ್‌ಬಿ ಸಾಕೆಟ್ಟನ್ನೂ ಬದಲಿಸಿಕೊಳ್ಳಬೇಕು, ಇಲ್ಲವಾದರೆ ಐಫೋನನ್ನು ಕಾರಿನ ಪರದೆಯಲ್ಲಿ ತೋರಿಸುವ ಆಪಲ್ ಕಾರ್‌ಪ್ಲೇ ಬರುವುದಿಲ್ಲ.

ಹೊಸ ಪರದೆಯನ್ನು ಕೂರಿಸಿ, ಕಪ್ಲರ್‌ಗಳನ್ನು ಸಿಕ್ಕಿಸಿ, ಬ್ಯಾಟರಿ ಜೋಡಿಸಿ. ಅಲಂಕಾರ ಪಟ್ಟಿಗಳನ್ನು ಮಾತ್ರ ಈಗಲೇ ಒತ್ತಬೇಡಿ. ಮತ್ತೊಮ್ಮೆ ಬಿಚ್ಚುವ ಸಂದರ್ಭ ಬಂದೇ ಬರುತ್ತದೆ.

ಬರೆಯುವುದು

ಮೊದಲ ಸಲ ಪರದೆ ಹೊತ್ತಿಕೊಂಡಾಗ ಕ್ಯಾಮೆರಾ ಕಾಣದಿರಬಹುದು, ಎಸಿ ಗುಂಡಿಗಳು ಮಾಯವಾಗಿರಬಹುದು, ಭಾಷೆ ಇನ್ನಾವುದೋ ಇರಬಹುದು. ಗಾಬರಿಯಾಗಬೇಕಿಲ್ಲ. ಪೆಟ್ಟಿಗೆ ತಾನಿನ್ನೂ ಹಳೆಯ ಕಾರಿನಲ್ಲಿಯೇ ಇದ್ದೇನೆ ಎಂದು ತಿಳಿದಿದೆ.

ಬ್ಯಾಟರಿಗೆ ಸ್ಥಿರ ವೋಲ್ಟೇಜ್ ಕೊಡುವ ಚಾರ್ಜರ್ ಹಚ್ಚಿ, ಏಕೆಂದರೆ ಎಂಜಿನ್ ಆರಿಸಿ ಇಗ್ನಿಷನ್ ಮಾತ್ರ ಹಾಕಿಟ್ಟ ಕಾರಿನಲ್ಲಿ ಅರ್ಧ ಗಂಟೆಗೆ ವೋಲ್ಟೇಜ್ ಇಳಿಯತೊಡಗುತ್ತದೆ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸುತ್ತದೆ. ಅದಕ್ಕಿಂತ ಬಹಳ ಕೆಳಗಿದ್ದರೆ ಬರೆಯಲು ಹೋಗಬೇಡಿ. ಓಣಿಯಲ್ಲಿ ಕರೆಂಟ್ ಹೋಗುವ ಹೊತ್ತನ್ನೂ ನೋಡಿಕೊಳ್ಳಿ. ಹೆಡ್‌ಲೈಟ್, ಎಸಿ ಫ್ಯಾನ್ ಆರಿಸಿ, ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಮಾಡಿ.

ಫೋರ್‌ಸ್ಕ್ಯಾನ್‌ನಲ್ಲಿ ಬರೆಯುವ ಅವಕಾಶಕ್ಕೆ ‘ಎಕ್ಸ್‌ಟೆಂಡೆಡ್ ಲೈಸೆನ್ಸ್’ ಬೇಕು. ಅದನ್ನು ಹಿಂದಿನ ದಿನವೇ ಪಡೆದಿಟ್ಟುಕೊಳ್ಳಿ. ಹೊಸ ಪೆಟ್ಟಿಗೆಯ ಸಾಲುಗಳನ್ನು ಓದಿ, ಅವನ್ನೂ ಪ್ರತ್ಯೇಕ ಹೆಸರಿನಲ್ಲಿ ಉಳಿಸಿ, ಹಳೆಯ ಕಡತದ ಪಕ್ಕ ಇಟ್ಟು ಹೋಲಿಸಿ. ನಿಮ್ಮ ಕಾರಿನ ಗುಣಗಳಾದ ಕ್ಯಾಮೆರಾ, ಎಸಿ, ಬಲಗಡೆಯ ಸ್ಟೀರಿಂಗ್ ಇವೆಲ್ಲ ಹಳೆಯ ಕಡತದಿಂದ ಬರಬೇಕು. ನ್ಯಾವಿಗೇಷನ್ನಿಗೆ ಸಂಬಂಧಿಸಿದ್ದಷ್ಟೇ ಹೊಸದರಿಂದ ಉಳಿಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದು, ಇಗ್ನಿಷನ್ ಆರಿಸಿ ಹಾಕಿ, ಫಲ ನೋಡಿ ಮುಂದಿನದಕ್ಕೆ ಹೋಗಿ. ಪ್ರತಿ ಸಾಲಿನ ಕೊನೆಯ ಎರಡು ಅಂಕೆಗಳು ಲೆಕ್ಕ ತಾಳೆ ನೋಡುವುದಕ್ಕಾಗಿವೆ. ಅವನ್ನು ತಂತ್ರಾಂಶವೇ ಸರಿಪಡಿಸುತ್ತದೆ, ನೀವು ಮುಟ್ಟಬೇಕಿಲ್ಲ. ಎಲ್ಲ ಮುಗಿದ ಮೇಲೆ ಕಾರಿನ ಎಲ್ಲ ಕಂಪ್ಯೂಟರ್‌ಗಳ ದೋಷಗಳನ್ನು ಓದಿ, ಅಳಿಸಿ, ಮತ್ತೆ ಓದಿ. ಬಿಚ್ಚುವಾಗ ಉಂಟಾದ ದೋಷಗಳು ಮರಳುವುದಿಲ್ಲ. ಮರಳಿದರೆ ಎಲ್ಲೋ ಕಪ್ಲರ್ ಸಡಿಲವಾಗಿದೆ ಎಂದರ್ಥ.

ದಾರಿಗೆ ತಂದು ನೋಡುವುದು

ಕಾರನ್ನು ಮರ, ಕಟ್ಟಡಗಳಿಲ್ಲದ ಬಯಲಿಗೆ ತಂದು ಹದಿನೈದು ನಿಮಿಷ ಸುಮ್ಮನೆ ನಿಲ್ಲಿಸಿ. ದೂರದೂರಿನಿಂದ ಬಂದ ಪೆಟ್ಟಿಗೆಗೆ ಯಾವ ಉಪಗ್ರಹ ಎಲ್ಲಿದೆ ಎಂಬ ಪಂಚಾಂಗ ಬೇಕು, ಅದು ಉಪಗ್ರಹಗಳಿಂದಲೇ ಪೂರ್ತಿ ಇಳಿಯಲು 12.5 ನಿಮಿಷ ಹಿಡಿಯುತ್ತದೆ. ನೆಲೆ ಗೊತ್ತಾಗಲು ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಪರದೆಯಲ್ಲಿ ಅಕ್ಷಾಂಶ, ರೇಖಾಂಶ ತೋರಿಸುವ ಸೌಲಭ್ಯವಿದ್ದರೆ ಬಳ್ಳಾರಿಯಲ್ಲಿ ಸುಮಾರು 15.1 ಮತ್ತು 76.9, ರಾಯಚೂರಿನಲ್ಲಿ 16.2 ಮತ್ತು 77.4, ಕೊಪ್ಪಳದಲ್ಲಿ 15.3 ಮತ್ತು 76.2ರ ಆಸುಪಾಸು ಬರಬೇಕು.

ನಕ್ಷೆ ಎಷ್ಟು ಹಳೆಯದು ಎಂಬುದನ್ನು ಊರಿನ ಹೆಸರುಗಳೇ ಹೇಳಿಬಿಡುತ್ತವೆ. ‘ಬಳ್ಳಾರಿ’ ಎಂದು ಹುಡುಕಿದರೆ ಏನೂ ಸಿಗದೆ ‘ಬೆಳ್ಳರಿ’ ಎಂಬ ಇಂಗ್ಲಿಷಿನ ಹಳೆಯ ಕಾಗುಣಿತಕ್ಕೆ ಸಿಕ್ಕಿದರೆ, 2014ರ ನವೆಂಬರ್ 1ರ ಹೆಸರು ಬದಲಾವಣೆ ಅದಕ್ಕಿನ್ನೂ ತಲುಪಿಲ್ಲ. ಹೊಸಪೇಟೆಯನ್ನು ‘ಹಾಸ್ಪೆಟ್’ ಎಂದೂ ಹುಡುಕಿ ನೋಡಿ. ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದರೆ ಆ ನಕ್ಷೆಗೆ 2021ರ ವಿಜಯನಗರ ಜಿಲ್ಲೆ ಗೊತ್ತಿಲ್ಲ. ಹೆಸರಿನ ವಿಷಯದಲ್ಲಿ ಹೊಂದಿಕೊಳ್ಳಬಹುದು, ರಸ್ತೆಯ ವಿಷಯದಲ್ಲಿ ಆಗದು. ಗಂಗಾವತಿಯಿಂದ ಹಂಪಿಗೆ ದಾರಿ ಕೇಳಿ. ತುಂಗಭದ್ರೆಯ ಮೇಲಿನ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಅದಕ್ಕೆ ತಿಳಿಯದಿದ್ದರೆ ನಿಮ್ಮನ್ನು ಸುತ್ತುದಾರಿಗೆ ಕಳಿಸುತ್ತದೆ. ಆಗ ನಕ್ಷೆಯನ್ನು ನವೀಕರಿಸಬೇಕು. ಪೆನ್‌ಡ್ರೈವಿನಿಂದ ನಕ್ಷೆ ತುಂಬುವಾಗ ಬಹಳ ಹೊತ್ತು ಹಿಡಿಯಬಹುದು. ನಡುವೆ ಕಾರು ಆರಿಸದೆ, ಪೆನ್‌ಡ್ರೈವ್ ಕೀಳದೆ ತಾಳ್ಮೆಯಿಂದಿರಬೇಕು.

ಇದಾದ ಮೇಲೆ ಸಂಡೂರಿನ ಘಟ್ಟದ ತಿರುವುಗಳಲ್ಲೊಮ್ಮೆ ಓಡಿಸಿ ಬನ್ನಿ. ಪರದೆಯ ಬಾಣ ರಸ್ತೆಯನ್ನು ಬಿಟ್ಟು ಪಕ್ಕದ ಬೆಟ್ಟದ ಮೇಲೆ ಓಡಿದರೆ ಆಂಟೆನಾದ ಜಾಗವನ್ನು ಮತ್ತೆ ನೋಡಬೇಕು. ಸರಿಯಾಗಿದ್ದರೆ ಮಾತ್ರ ಮನೆಗೆ ಬಂದು ಅಲಂಕಾರ ಪಟ್ಟಿಗಳನ್ನು ಒತ್ತಿ ಕೂರಿಸಿ.

ಉಳಿದದ್ದು ಕಾಗದದ ಕೆಲಸ. ಸೆಟ್ಟಿನ ಬೆಲೆಯನ್ನು ವಿಮಾ ಕಂಪನಿಗೆ ತಿಳಿಸಿ, ಹೆಚ್ಚುವರಿ ವಿದ್ಯುತ್ ಉಪಕರಣಗಳಿಗೆ ಅನ್ವಯಿಸುವ ಐಎಂಟಿ 24 ಎಂಬ ಷರತ್ತನ್ನು ಪಾಲಿಸಿಗೆ ಸೇರಿಸಿಕೊಳ್ಳಿ. ಸೇರಿಸದಿದ್ದರೆ ಕಳುವಾದಾಗ ಇದರ ಹಣ ಬರುವುದು ಕಷ್ಟ. ಕೊನೆಯದಾಗಿ, ಸರಿಯಾಗಿ ನಡೆಯುತ್ತಿರುವ ಈಗಿನ ಸಾಲುಗಳನ್ನೂ ಒಂದು ಕಡತವಾಗಿ ಉಳಿಸಿ, ದಿನಾಂಕ ಬರೆದು, ಮೊದಲ ಕಡತದ ಜೊತೆಗಿಡಿ. ಮುಂದೆಂದೋ ಸರ್ವೀಸ್ ಕೇಂದ್ರದಲ್ಲಿ ಸಾಫ್ಟ್‌ವೇರ್ ಬದಲಿಸಿದಾಗ ನಿಮ್ಮ ಚಾಸಿ ನಂಬರಿಗೆ ಕಂಪನಿಯಲ್ಲಿ ದಾಖಲಾಗಿರುವ ಮೂಲ ಅಂಕೆಗಳೇ ಮರಳಿ ಕೂತು, ನ್ಯಾವಿಗೇಷನ್ ಗುಂಡಿ ಮತ್ತೆ ಮಾಯವಾಗಬಹುದು. ಆಗ ಡ್ಯಾಶ್‌ಬೋರ್ಡ್ ಬಿಚ್ಚಬೇಕಿಲ್ಲ. ಲ್ಯಾಪ್‌ಟಾಪ್ ಹಚ್ಚಿ ಈ ಎರಡನೆಯ ಕಡತವನ್ನು ಮರಳಿ ಬರೆದರೆ ಹತ್ತು ನಿಮಿಷದ ಕೆಲಸ.