ಅರ್ಧದಷ್ಟು ಹೆಬ್ಬೇವು ಮರ ಕಡಿದ ಮೇಲೆ ಉಳಿದವುಗಳ ಕಾಂಡ ದಪ್ಪಗಾಯಿತು

ಸಸಿ ಮಾರಿದವರ ಲೆಕ್ಕದಂತೆ ಎಂಟಡಿಗೊಂದು ಹೆಬ್ಬೇವು ನೆಟ್ಟಿದ್ದೆ, ಎಕರೆಗೆ 680. ಮೂರನೆಯ ವರ್ಷಕ್ಕೆ ಮೂವತ್ತಡಿ ಎತ್ತರ. ಎದೆಮಟ್ಟದಲ್ಲಿ ಸುತ್ತಳತೆ ಮಾತ್ರ ಒಂದಡಿಯ ಆಸುಪಾಸು. ಪ್ಲೈವುಡ್ ಕಾರ್ಖಾನೆಗೆ ಮರ ಕೊಡುವ ವ್ಯಾಪಾರಿ ಟೇಪು ಸುತ್ತಿ ನೋಡಿ, ‘ಎರಡಡಿ ದಾಟದಿದ್ದರೆ ಸೌದೆ ದರವೇ ಯಜಮಾನರೇ’ ಎಂದು ಹೊರಟುಹೋದ.

ಎಲ್ಲರೂ ಹೇಳಿದ್ದು ಇನ್ನಷ್ಟು ಗೊಬ್ಬರ ಹಾಕು ಎಂದು. ಹಾಕಿದೆ, ಮರ ಮತ್ತಷ್ಟು ಮೇಲಕ್ಕೇ ಹೋಯಿತು. ದಾರಿ ತೋರಿಸಿದ್ದು ಎಮ್ಮೆ ಕಟ್ಟಿದ ಹಳೆಯ ನೈಲಾನ್ ಹಗ್ಗ ಬಿಗಿದುಕೊಂಡಿದ್ದ ಒಂದು ಮರ. ಹಗ್ಗದ ಮೇಲ್ಭಾಗ ಬಳೆಯಂತೆ ಉಬ್ಬಿತ್ತು, ಕೆಳಭಾಗ ಸಣ್ಣಗೇ ಉಳಿದಿತ್ತು. ಕಾಂಡ ದಪ್ಪವಾಗುವ ಆಹಾರ ಎಲೆಯಿಂದ ತೊಗಟೆಯಲ್ಲಿ ಇಳಿದು ಬರುತ್ತದೆ. ಒತ್ತೊತ್ತಾಗಿ ನಿಂತ ಮರಗಳಲ್ಲಿ ಕೆಳಗಿನ ಕೊಂಬೆಗಳೆಲ್ಲ ಬಿಸಿಲಿಲ್ಲದೆ ಒಣಗಿದ್ದವು, ಆಹಾರ ಕೊಡುವ ಎಲೆಯೇ ಕಡಿಮೆಯಾಗಿತ್ತು.

ಪ್ರತಿ ಸಾಲಿನಲ್ಲಿ ಒಂದು ಬಿಟ್ಟು ಒಂದು ಕಡಿಸಿದೆ. ಅಣ್ಣ ವಾರಗಟ್ಟಲೆ ಮಾತು ಬಿಟ್ಟರು. ಸೌದೆ ಮಾರಿದ ಹಣದಲ್ಲಿ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಹೋಗಿ ಎಕರೆಗೆ ಹತ್ತು ಸಾವಿರವೂ ಉಳಿದಿರಲಿಕ್ಕಿಲ್ಲ. ಕಡಿದ ಬುಡಗಳು ಚಿಗುರಿ ಕಾಡಿದವು. ಅದನ್ನು ನಿಲ್ಲಿಸಿದ ಉಪಾಯ ಸದ್ಯ ನನ್ನಲ್ಲೇ ಇರಲಿ. ಐದನೆಯ ವರ್ಷ ಮತ್ತೆ ಅರ್ಧ ತೆಗೆಸಿ, ಎಕರೆಗೆ 170ರಷ್ಟು ಉಳಿಸಿಕೊಂಡೆ. ಗಂಟಿಲ್ಲದ ದಿಮ್ಮಿಗಾಗಿ ಕೊಂಬೆ ಸವರಿದ್ದೂ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ. ಬುಡದಿಂದ ತಲೆಯವರೆಗೆ ಬೋಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಡುವೆ ತೇಗದ ಸಸಿಗಳಲ್ಲೂ ಒಂದು ಪರೀಕ್ಷೆ ಮಾಡಿದೆ. ಕೆಲವಕ್ಕೆ ಊರುಗೋಲು ಬಿಗಿದೆ, ಕೆಲವನ್ನು ಗಾಳಿಗೆ ತೂಗಾಡಲು ಬಿಟ್ಟೆ. ತೂಗಾಡಿದವು ಕುಳ್ಳಗಾದರೂ ಬುಡ ಕಟ್ಟಿದವು. ಕೋಲಿನವು ಉದ್ದಕ್ಕೆ ಬೆಳೆದು, ಕೋಲು ಕಿತ್ತೊಡನೆ ಬಾಗಿದವು. ಈಗ ತೀರಾ ವಾಲಿದ ಸಸಿಗಷ್ಟೇ ಕೋಲು, ಅದೂ ಸಡಿಲವಾಗಿ.

ಎಂಟನೆಯ ವರ್ಷ ಹೆಚ್ಚಿನ ಹೆಬ್ಬೇವುಗಳ ಸುತ್ತಳತೆ ಮೂರಡಿಯ ಹತ್ತಿರ ಬಂತು. ಉದ್ದ ಅಷ್ಟೇ ಇದ್ದು ಸುತ್ತಳತೆ ಎರಡರಷ್ಟಾದರೆ ಮರ ನಾಲ್ಕರಷ್ಟು; ನಮ್ಮ ಕಡೆ ಈ ಲೆಕ್ಕ ಹಾಕಿದವರು ಕಡಿಮೆ. ಅದೇ ವ್ಯಾಪಾರಿ ಸೌದೆ ದರದ ದುಪ್ಪಟ್ಟಿಗಿಂತ ಹೆಚ್ಚು ಕೊಟ್ಟು ಒಯ್ದ. ಎಕರೆಗೆ ಎರಡು ಲಕ್ಷ ದಾಟಿತು. ಅಣ್ಣ ಈ ಮುಂಗಾರಿಗೆ ತಮ್ಮ ಹೊಲದ ಮರಗಳನ್ನೂ ಕಡಿಸಿ ವಿರಳ ಮಾಡಿಸುತ್ತಿದ್ದಾರೆ. ಯಾವ ಮರ ಉಳಿಸಬೇಕೆಂದು ಸುಣ್ಣದ ಗುರುತು ಹಾಕಿಕೊಟ್ಟವನು ನಾನೇ.