ಹುಣಸೆ ಬೀಜದ ಖಜಾನೆ

ಶಾಲಾ ಸಂಸತ್ತು ನಾವು ಮೇಷ್ಟ್ರುಗಳೆಲ್ಲ ಮಾಡುವುದೇ. ಮತದಾನ, ಬೆರಳಿಗೆ ಮಾರ್ಕರ್ ಗುರುತು, ಪ್ರಮಾಣವಚನ, ಗ್ರೂಪಿಗೆ ಫೋಟೊ. ಆಮೇಲೆ ಆರೋಗ್ಯ ಮಂತ್ರಿಗೆ ಕೆಲಸವೇ ಇಲ್ಲ. ನಮ್ಮ ಗಂಗಾವತಿ ತಾಲ್ಲೂಕಿನ ಶಾಲೆಯಲ್ಲೂ ಅಷ್ಟೇ. ಸರ್ಕಾರ ಅಂದರೆ ಏನು ಅಂತ ಐದನೆಯವರನ್ನು ಕೇಳಿದರೆ "ಅಕ್ಕಿ ಕೊಡೋರ‍್ರೀ" ಅನ್ನುತ್ತಿದ್ದರು.

ಹಾಗಾಗಿ ಖಾತೆ ಬಿಟ್ಟು ಖಜಾನೆ ಹಿಡಿದೆ. ನಾಲ್ಕು, ಐದನೇ ತರಗತಿ ಸೇರಿ ಸುಮಾರು ಇಪ್ಪತ್ತೈದು ಮಕ್ಕಳು. ಬಂದ ದಿನಕ್ಕೆ ಎರಡು ಹುಣಸೆ ಬೀಜ ಕೂಲಿ, ಶನಿವಾರ ಎರಡು ಬೀಜ ತೆರಿಗೆ. ತಿಂಗಳ ಕೊನೆಗೆ ತೆರಿಗೆ ಡಬ್ಬಿಯಲ್ಲಿದ್ದ ಒಂದೊಂದು ಬೀಜಕ್ಕೂ ನನ್ನ ಕಿಸೆಯಿಂದ ಒಂದೊಂದು ರೂಪಾಯಿ. ಇನ್ನೂರರ ಆಸುಪಾಸು ಆಗುತ್ತಿತ್ತು. "ಮಾಸ್ತರ, ಇದೆಲ್ಲ ಪರೀಕ್ಷೆಕ್ಕ ಬರ್ತೈತೇನ್ರಿ?" ಎಂದು ಸಹೋದ್ಯೋಗಿಗಳು ನಕ್ಕರು.

ಎರಡನೇ ತಿಂಗಳೇ ಖಜಾನೆ ಉಕ್ಕಿತು. ನಮ್ಮ ಕಡೆ ಹುಣಸೆಗೇನು ಬರ, ಮನೆಯಿಂದ ಮುಷ್ಟಿಗಟ್ಟಲೆ ತಂದು ಸುರಿದಿದ್ದರು. ಆರುನೂರು ಚಿಲ್ಲರೆ ಕಕ್ಕಬೇಕಾಯಿತು. ಆದರೆ ಮನೆಯಲ್ಲೇ ನೋಟು ಅಚ್ಚು ಹಾಕಿದರೆ ಏನಾಗುತ್ತದೆ, ಮೈಸೂರಿನ ನೋಟು ಮುದ್ರಣಾಲಯಕ್ಕೆ ಅಷ್ಟು ಕಾವಲು ಯಾಕೆ ಅನ್ನುವುದು ಅವತ್ತು ಹೇಳದೆಯೇ ತಿಳಿಯಿತು. ಈಗ ಬೀಜಕ್ಕೊಂದು ಗುರುತು ಹಾಕುತ್ತೇನೆ. ಏನು ಗುರುತು ಅಂತ ಇಲ್ಲಿ ಬರೆಯಲಾರೆ, ನಮ್ಮ ಮಕ್ಕಳ ಅಣ್ಣಂದಿರೂ ಫೋನ್ ನೋಡುತ್ತಾರೆ.

ಖರ್ಚಿನದು ಬೇರೆ ಕಥೆ. ಆ ದುಡ್ಡಲ್ಲಿ ಏನು ತರಬೇಕು ಅಂತ ಎಲ್ಲರೂ ಕೈ ಎತ್ತುವ ಸಭೆಯಲ್ಲಿ ಪ್ರತಿ ಸಲ ಚೆಂಡೇ ಗೆದ್ದಿತು, ಗಂಡುಹುಡುಗರ ಗದ್ದಲ ಅಂಥದ್ದು. ಗ್ರಾಮ ಪಂಚಾಯಿತಿಯಲ್ಲಿ ಸುಮಾರು ನಾನೂರು ಜನಕ್ಕೊಬ್ಬ ಸದಸ್ಯ, ಅರ್ಧ ಸ್ಥಾನ ಮಹಿಳೆಯರಿಗೆ. ಅದೇ ಲೆಕ್ಕ ಇಳಿಸಿ ಐದು ಮಕ್ಕಳಿಗೊಬ್ಬರಂತೆ ಐವರನ್ನು ಆರಿಸಿದೆವು, ಮೂವರು ಹುಡುಗಿಯರು. ಮೊದಲ ಠರಾವೇ ಶೌಚಾಲಯದ ಬಾಗಿಲಿಗೆ ಚಿಲಕ. ಅರವತ್ತೋ ಎಪ್ಪತ್ತೋ ರೂಪಾಯಿ. ಅಲ್ಲಿಗೆ ನಗು ನಿಂತಿತು.

ನಡುವೆ 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. "ಪಂಚಾಯಿತಿಯವ್ರು ಕೂರಿಸ್ತಾರೇನ್ರಿ?" ಅಂದನೊಬ್ಬ. ಬಿಡಲಿಲ್ಲ. ಬೀದಿ ದೀಪ ಪಂಚಾಯಿತಿ, ಬಸ್ಸು ರಾಜ್ಯದ ನಿಗಮ, ಅಂಚೆ ಕೇಂದ್ರ ಅಂತ ಗೋಡೆಗೆ ಚೀಟಿ ಅಂಟಿಸಿದೆವು. ಅಣೆಕಟ್ಟಿನ ಚೀಟಿ ಮಾತ್ರ ಎಲ್ಲೂ ಕೂರಲಿಲ್ಲ. ಕರ್ನಾಟಕ, ಆಂಧ್ರ, ತೆಲಂಗಾಣ ಮತ್ತು ಕೇಂದ್ರ ಸೇರಿದ ಮಂಡಳಿ ಅಂದರೆ ನಾಲ್ಕನೆಯವರು ಆಕಳಿಸಿದರು. ಐದನೆಯವರಿಗೆ ಹಿಡಿಸಿತು, ಯಾಕೆಂದರೆ ಅಪ್ಪಂದಿರ ಭತ್ತ ಕಾಲುವೆ ನೀರಿನ ಮೇಲಿತ್ತು.

ನನ್ನ ಕಿಸೆಯ ಖರ್ಚು ಒಟ್ಟು ಎರಡು ಸಾವಿರದೊಳಗೆ ಮುಗಿಯಿತು. ಫಲ ಕಂಡಿದ್ದು ಮಕ್ಕಳ ಗ್ರಾಮ ಸಭೆಯಲ್ಲಿ. ಬೇರೆ ಶಾಲೆಯವರು ಬರೆದುಕೊಟ್ಟ ಮನವಿ ಓದಿದರು. ನಮ್ಮ ಹುಡುಗಿ ಮೈಕ್ ಹಿಡಿದು, "ಮನಿ ತೆರಿಗಿ ಎಷ್ಟ್ ವಸೂಲಾತ್ರಿ, ಎದಕ್ಕ ಖರ್ಚಾತ್ರಿ?" ಅಂದಳು. ಪಿಡಿಒ ಸಾಹೇಬರು ಫೈಲು ತರಿಸಿದರು. ಮರುವಾರ ನಕ್ಕವರಲ್ಲೇ ಒಬ್ಬರು ಬೀಜದ ಲೆಕ್ಕ ಕೇಳಿದರು.

ಈ ವರ್ಷ ತೆರಿಗೆ ಮೂರು ಬೀಜ ಆಗಲಿ ಅಂತ ಐದನೆಯವರು, ಬೇಡವೇ ಬೇಡ ಅಂತ ನಾಲ್ಕನೆಯವರು. ಶನಿವಾರದ ಸಭೆಗಿಟ್ಟಿದ್ದೇನೆ.