ಎಖ್ಟರ್‌ನ ಬದುಕನ್ನು ಕನ್ನಡದಲ್ಲಿ ಬರೆದದ್ದು

ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ಆಳಿದ ಯೂಲಿಯುಸ್ ಎಖ್ಟರ್ ಬಗ್ಗೆ ಬರೆಯಲು ಕೂತಾಗ ಮೊದಲ ಪದಕ್ಕೇ ತಡವರಿಸಿದೆ. ಇವನನ್ನು ಏನಂತ ಕರೆಯೋದು? ಬರೀ ಬಿಷಪ್ ಅಂದರೆ ಸಾಲದು. ತೆರಿಗೆ ಎತ್ತುತ್ತಿದ್ದ, ನ್ಯಾಯ ತೀರಿಸುತ್ತಿದ್ದ. ರಾಜ ಅಂದರೂ ಸರಿಹೋಗಲ್ಲ. ಪಟ್ಟ ಅಪ್ಪನಿಂದ ಬಂದದ್ದಲ್ಲ, ಮಗನಿಗೆ ಹೋಗುವಂಥದ್ದೂ ಅಲ್ಲ. ಬಿಷಪ್‌ನ ಮುಖ್ಯ ಚರ್ಚಾದ ಕೆಥೆಡ್ರಲ್‌ಗೆ ಒಂದು ಮಂಡಳಿಯಿತ್ತು, ದೊಡ್ಡ ಮನೆತನದವರೇ ತುಂಬಿದ್ದ ಅದು ಆರಿಸಬೇಕಿತ್ತು. ಕೊನೆಗೆ ‘ಅರಸು-ಬಿಷಪ್’ ಅಂತ ಬರೆದೆ.

ಈ ಪದ ಸರಿ ಅನ್ನಿಸಿದ್ದು ಎರಡು ಇಸವಿ ನೋಡಿದ ಮೇಲೆ. 1573ರಲ್ಲಿ ಅವನನ್ನು ಆರಿಸಿದಾಗ ವಯಸ್ಸು 28. ಆಗಿನ್ನೂ ಅವನು ಪಾದ್ರಿಯೇ ಆಗಿರಲಿಲ್ಲ! ದೀಕ್ಷೆ ಆದದ್ದು 1575ರಲ್ಲಿ. ಅಂದರೆ ಅಧಿಕಾರ ಮೊದಲು, ದೀಕ್ಷೆ ಆಮೇಲೆ.

ಮೊದಲ ಸಲ ಬರೆದದ್ದನ್ನು ಹರಿದು ಹಾಕಿದೆ. 1545ರಲ್ಲಿ ಮೆಸ್ಪೆಲ್‌ಬ್ರುನ್ ಕೋಟೆಮನೆಯಲ್ಲಿ ಹುಟ್ಟಿದ, ಅಲ್ಲಿ ಓದಿದ, ಇಲ್ಲಿ ಓದಿದ ಅಂತ ಸುಮ್ನೆ ಪಟ್ಟಿಯಾಗಿತ್ತು. ಎರಡನೇ ಸಲ ಒಂದು ಕಲ್ಲಿನಿಂದ ಶುರು ಮಾಡಿದೆ. 1576ರಲ್ಲಿ ಅವನು ಕಟ್ಟಲು ತೊಡಗಿದ ಯೂಲಿಯುಸ್‌ಶ್ಪಿಟಾಲ್ ಆಸ್ಪತ್ರೆಯಲ್ಲಿ ಒಂದು ಉಬ್ಬುಶಿಲ್ಪವಿದೆ. ಅದರಲ್ಲಿ ಎಖ್ಟರ್ ಇದ್ದಾನೆ, ರೋಗಿಗಳಿದ್ದಾರೆ, ಅನಾಥ ಮಕ್ಕಳಿದ್ದಾರೆ, ಯಾತ್ರಿಕರಿದ್ದಾರೆ. ದಾನಪತ್ರವನ್ನೇ ಕಲ್ಲಿನಲ್ಲಿ ಬರೆಸಿದ ಹಾಗೆ. ಆಸ್ಪತ್ರೆಯ ಖರ್ಚಿಗೆ ದ್ರಾಕ್ಷಿತೋಟ, ಕಾಡು, ಹೊಲ ಬಿಟ್ಟುಕೊಟ್ಟ. ಆ ತೋಟಗಳ ವೈನ್ ಇವತ್ತಿಗೂ ಮಾರಾಟವಾಗುತ್ತದೆ, ಆಸ್ಪತ್ರೆಯೂ ನಡೆಯುತ್ತಿದೆ.

ಇಲ್ಲಿ ನನ್ನ ಕೈ ನಿಂತಿತು. ಆ ಆಸ್ಪತ್ರೆ ಎದ್ದದ್ದು ಯಹೂದಿಗಳ ಸ್ಮಶಾನವಿದ್ದ ಜಾಗದಲ್ಲಿ. ಇದನ್ನು ಮುಂದಿನ ಅಧ್ಯಾಯಕ್ಕೆ ತಳ್ಳಿದ್ದೆ, ‘ಟೀಕೆಗಳು’ ಅಂತ ತಲೆಬರಹ ಕೊಟ್ಟು. ಓದಿದಾಗ ಮನಸ್ಸಿಗೆ ಚುಚ್ಚಿತು. ತಂದು ಅದೇ ಪ್ಯಾರಾದಲ್ಲಿ, ದ್ರಾಕ್ಷಿತೋಟದ ಪಕ್ಕದಲ್ಲೇ ಸೇರಿಸಿದೆ. ರೋಗಿಗೆ ಹಾಸಿಗೆ ಕೊಟ್ಟವನೂ ಸತ್ತವರ ನೆಲ ಕಿತ್ತುಕೊಂಡವನೂ ಒಬ್ಬನೇ ಅಲ್ವಾ? ಪ್ರಾಟೆಸ್ಟೆಂಟರಿಗೆ ‘ಕ್ಯಾಥೊಲಿಕ್ ಆಗಿ, ಇಲ್ಲ ಊರು ಬಿಡಿ’ ಅಂದದ್ದನ್ನೂ, ಕೊನೆಯ ವರ್ಷಗಳಲ್ಲಿ ಗೆರೋಲ್ಟ್ಸ್‌ಹೋಫನ್‌ನಲ್ಲಿ ಮಾಟಗಾತಿಯರೆಂದು ಜನರನ್ನು ಸುಟ್ಟದ್ದನ್ನೂ ಹಾಗೇ ಆಯಾ ಇಸವಿಯಲ್ಲೇ ಇಟ್ಟೆ.

ಜಾಸ್ತಿ ಹೊತ್ತು ಹಿಡಿದದ್ದು ಸಾವಿನ ಪುಟ. ವ್ಯೂರ್ಟ್ಸ್‌ಬುರ್ಗ್‌ನ ಅರಸು-ಬಿಷಪ್‌ಗಳ ಹೃದಯವನ್ನು ಎಬ್ರಾಖ್ ಮಠಕ್ಕೆ ಒಯ್ದು ಹೂಳುವುದು ರೂಢಿಯಾಗಿತ್ತು. 1617ರಲ್ಲಿ ಎಖ್ಟರ್ ತೀರಿಕೊಂಡಾಗ ದೇಹ ಕೆಥೆಡ್ರಲ್‌ಗೆ ಹೋಯಿತು. ಹೃದಯ ಮಾತ್ರ ಎಬ್ರಾಖ್‌ಗೆ ಹೋಗಲಿಲ್ಲ. 1582ರಲ್ಲಿ ತಾನು ಮತ್ತೆ ತೆರೆದ ವಿಶ್ವವಿದ್ಯಾಲಯದ ಚರ್ಚಿನಲ್ಲಿ ಅದನ್ನು ಇಡಿಸಿಕೊಂಡ.